ಹಲವು ಷರತ್ತುಗಳ ಎಣಿಕೆ

ವಾರ್ಷಿಕ ಸಭೆ ಹತ್ತಿರವಾದಾಗ ನಮ್ಮಂಥ ವಾಚನಾಲಯಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: ಮಕ್ಕಳ ಪುಸ್ತಕಗಳನ್ನು ಯಾರಾದರೂ ಒಯ್ಯುತ್ತಾರೆಯೇ? ಅವುಗಳಿಗೆ ಹಣ ವೆಚ್ಚಮಾಡುವುದು ಸರಿಯೇ? ಒಬ್ಬರು ಹೌದೆನ್ನುವರು, ಇನ್ನೊಬ್ಬರು ಕಪಾಟು ಧೂಳು ತಿನ್ನುತ್ತಿದೆ ಎನ್ನುವರು. ಪರಭಾಷೆಯ ಶಾಲೆಗೆ ಹೋಗುವ ಮಕ್ಕಳಿಗೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದು ಹಲವೊಮ್ಮೆ ಆ ಕಪಾಟಿನಲ್ಲಿಯೇ. ಆದಕಾರಣ ಇಂಥ ಮಾತನ್ನು ಊಹೆಯಿಂದ ತೀರ್ಮಾನಿಸುವುದು ತರವಲ್ಲ. ಲೆಕ್ಕ ಬೇಕು, ಅದೂ ಸರಿಯಾದ ಲೆಕ್ಕವಾಗಬೇಕು.

ಕಂಪ್ಯೂಟರಿನಲ್ಲಿ ಸಾಲು ಕಂಬಗಳ ಲೆಕ್ಕದ ಹಾಳೆ ಜನಬಳಕೆಗೆ ಬಂದದ್ದು 1979ರಲ್ಲಿ, ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರಚಿಸಿದ ವಿಸಿಕ್ಯಾಲ್ಕ್‌ನಿಂದ. ಈಗ ಹೆಚ್ಚು ಬಳಕೆಯಲ್ಲಿರುವ ಎಕ್ಸೆಲ್‌ನಲ್ಲಿ ‘ಕೌಂಟ್‌ಇಫ್’ ಎಂಬ ಸೂತ್ರ ಒಂದು ಷರತ್ತಿಗೆ ಮಾತ್ರ ಉತ್ತರ ಕೊಡುತ್ತದೆ. ಹಲವು ಷರತ್ತುಗಳನ್ನು ಒಟ್ಟಿಗೆ ನೋಡುವ ‘ಕೌಂಟ್‌ಇಫ್ಸ್’ ಎಕ್ಸೆಲ್ 2007ರಲ್ಲಿ ಸೇರಿತು. ಇದಕ್ಕೆ 127 ಷರತ್ತುಗಳವರೆಗೂ ಕೊಡಬಹುದು; ನಮಗೆ ನಾಲ್ಕು ಸಾಕು.

ಒಂದು ಚಿಕ್ಕ ದಾಖಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎ ಕಂಬದಲ್ಲಿ ಸದಸ್ಯ ಸಂಖ್ಯೆ, ಬಿಯಲ್ಲಿ ವರ್ಗ, ಸಿಯಲ್ಲಿ ಕೊಟ್ಟ ದಿನ, ಡಿಯಲ್ಲಿ ಹಿಂತಿರುಗಿದ ದಿನ. ಮೊದಲ ಸಾಲು ತಲೆಬರಹಕ್ಕೆ.

ಸಾಲು 2: 14, ಕಾದಂಬರಿ, 5-1-2025, 19-1-2025
ಸಾಲು 3: 22, ಮಕ್ಕಳ, 5-1-2025, 26-1-2025
ಸಾಲು 4: 14, ಮಕ್ಕಳ, 12-1-2025, ಖಾಲಿ
ಸಾಲು 5: 31, ಕಾದಂಬರಿ, 19-1-2025, ಖಾಲಿ
ಸಾಲು 6: 22, ಮಕ್ಕಳ, 26-1-2025, ಖಾಲಿ
ಸಾಲು 7: 40, ಮಕ್ಕಳ, 2-2-2025, ಖಾಲಿ

ಜನವರಿಯಲ್ಲಿ ಕೊಟ್ಟು ಇನ್ನೂ ಹಿಂದಕ್ಕೆ ಬಾರದ ಮಕ್ಕಳ ಪುಸ್ತಕಗಳೆಷ್ಟು? ಸೂತ್ರ ಹೀಗೆ:

=ಕೌಂಟ್‌ಇಫ್ಸ್(ಬಿ2:ಬಿ7,"ಮಕ್ಕಳ",ಸಿ2:ಸಿ7,">="&ಡೇಟ್(2025,1,1),ಸಿ2:ಸಿ7,"<"&ಡೇಟ್(2025,2,1),ಡಿ2:ಡಿ7,"")

ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಸೂತ್ರದ ಹೆಸರನ್ನೂ ಕಂಬದ ಅಕ್ಷರಗಳನ್ನೂ ಇಂಗ್ಲಿಷ್ ಲಿಪಿಯಲ್ಲಿಯೇ ಒತ್ತಬೇಕು. ಮೊದಲು ಎಲ್ಲಿ ನೋಡಬೇಕೆಂಬುದು, ಅನಂತರ ಏನನ್ನು ನೋಡಬೇಕೆಂಬುದು. ಹೀಗೆ ಜೋಡಿ ಜೋಡಿಯಾಗಿ ಹೇಳಿದ್ದೇವೆ. ವರ್ಗ ‘ಮಕ್ಕಳ’ ಆಗಿರಬೇಕು. ಕೊಟ್ಟ ದಿನ ಜನವರಿ ಒಂದು ಅಥವಾ ಅದರ ಮೇಲಿನದು, ಆದರೆ ಫೆಬ್ರವರಿ ಒಂದಕ್ಕಿಂತ ಮುಂಚಿನದು ಆಗಿರಬೇಕು. ಹಿಂತಿರುಗಿದ ದಿನದ ಮನೆ ಖಾಲಿಯಿರಬೇಕು. ನಾಲ್ಕೂ ಒಂದೇ ಸಾಲಿನಲ್ಲಿ ಕೂಡಿಬಂದರೆ ಮಾತ್ರ ಆ ಸಾಲು ಲೆಕ್ಕಕ್ಕೆ ಸೇರುತ್ತದೆ. ಬೆರಳಿಟ್ಟು ನೋಡಿರಿ: 4ನೆಯ ಮತ್ತು 6ನೆಯ ಸಾಲು. ಉತ್ತರ 2.

‘ಇದೂ ಅದೂ’ ಎಂಬಲ್ಲಿ ಸೂತ್ರ ಹೀಗೆ ನಡೆಯುತ್ತದೆ. ‘ಇದು ಅಥವಾ ಅದು’ ಎಂದಾಗ ಎಚ್ಚರ ಬೇಕು. ಮಕ್ಕಳ ಪುಸ್ತಕಗಳು ಅಥವಾ ಹಿಂತಿರುಗದ ಪುಸ್ತಕಗಳು ಎಷ್ಟೆಂದು ಕೇಳಿದರೆ, ಮೊದಲನೆಯವು 4, ಎರಡನೆಯವು 4. ಕೂಡಿಸಿದರೆ 8, ದಾಖಲೆಯಲ್ಲಿರುವ ಸಾಲುಗಳೋ ಆರೇ! ಎರಡೂ ಗುಣವುಳ್ಳ 3 ಸಾಲುಗಳು ಎರಡು ಸಲ ಎಣಿಕೆಯಾದುದೇ ಇದಕ್ಕೆ ಕಾರಣ. ಅವನ್ನು ಒಮ್ಮೆ ಕಳೆದರೆ ಸರಿಯಾದ ಉತ್ತರ 5.

ಇನ್ನು ಸಾಮಾನ್ಯವಾಗಿ ಆಗುವ ತಪ್ಪುಗಳು. ಎಲ್ಲ ಕಂಬಗಳಲ್ಲೂ ಆರಿಸಿದ ಸಾಲುಗಳು ಸಮನಾಗಿರಬೇಕು. ಒಂದು 7ಕ್ಕೂ ಇನ್ನೊಂದು 8ಕ್ಕೂ ಮುಗಿದರೆ ಉತ್ತರದ ಬದಲು ದೋಷದ ಸೂಚನೆ ಬರುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಅಪಾಯವಿಲ್ಲ. ಕಾಣದ ತಪ್ಪುಗಳೇ ಕೆಟ್ಟವು. ದಿನಾಂಕವು ದಿನಾಂಕವಾಗಿರದೆ ಬರಿಯ ಅಕ್ಷರವಾಗಿ ದಾಖಲಾಗಿದ್ದರೆ ಮೇಲಿನ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ‘ಮಕ್ಕಳ’ ಎಂಬುದರ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಅಷ್ಟೇ. ‘ಮಕ್ಕಳ*’ ಎಂದು ನಕ್ಷತ್ರ ಸೇರಿಸಿದರೆ ‘ಮಕ್ಕಳ ಕಥೆ’ ಎಂದು ಬರೆದುದೂ ಸಿಕ್ಕೀತು. ಆದರೆ ಒಂದು ಭಾನುವಾರ ಕುಳಿತವರು ‘ಮಕ್ಕಳ’ ಎಂದೂ ಮರುವಾರದವರು ‘ಬಾಲಸಾಹಿತ್ಯ’ ಎಂದೂ ಬರೆದಿದ್ದರೆ ಯಾವ ನಕ್ಷತ್ರವೂ ಕಾಯದು. ಪುಸ್ತಕ ಹೋಗಿದ್ದರೂ ಲೆಕ್ಕದಲ್ಲಿ ಹೋಗಿರುವುದಿಲ್ಲ. ಕಪಾಟಿನ ಮೇಲೆ ಅನ್ಯಾಯದ ತೀರ್ಪು ಬಿದ್ದುಹೋಗುತ್ತದೆ. ವರ್ಗಗಳ ಹೆಸರನ್ನು ಮೊದಲೇ ಗೊತ್ತುಮಾಡಿ ಮೇಜಿನ ಮೇಲೆ ಅಂಟಿಸಿಡುವುದು ಇದಕ್ಕೆ ಸುಲಭ ಮದ್ದು.

ಮತ್ತೊಂದು ಮಾತು. ಈ ಸೂತ್ರ ಎಣಿಸುವುದು ದಾಖಲೆಗಳನ್ನು, ಜನರನ್ನಲ್ಲ. ಮೇಲೆ ಆರು ಸಾಲುಗಳಿದ್ದರೂ ಸದಸ್ಯರು ನಾಲ್ವರೇ. ವರದಿಯಲ್ಲಿ ‘ಆರು ಮಂದಿ ಓದುಗರು’ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಹೊಸ ಸೂತ್ರ ಬರೆದಾಗಲೆಲ್ಲ ಮೊದಲ ಹತ್ತು ಸಾಲುಗಳನ್ನು ಕೈಯಿಂದಲೂ ಒಮ್ಮೆ ಎಣಿಸಿ ತಾಳೆನೋಡುವ ಪದ್ಧತಿ ಒಳ್ಳೆಯದು. ಯಂತ್ರ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಸರಿಯಾಗಿ ಕೇಳುವ ಹೊಣೆ ನಮ್ಮದು.