ಪ್ರವಾದಿಯ ನುಡಿಯೂ ಶಾಪದ ನುಡಿಯೂ: ರಾಜ್ಯಾಧಿಕಾರದ ಅನಿತ್ಯತೆ

ಇಂದಿನ ಮಂಡ್ಯ ಜಿಲ್ಲೆಯ ಮಳವಳ್ಳಿಯ ಬಳಿ 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನನ ಸೈನ್ಯವು ಜನರಲ್ ಹ್ಯಾರಿಸನ ಸೈನ್ಯಕ್ಕೆ ಸೋತು ಹಿಮ್ಮೆಟ್ಟಿತು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಸುಲ್ತಾನನು ಮಡಿದನು. ಅದೇ ಪಟ್ಟಣವು 1610ರಲ್ಲಿ ವಿಜಯನಗರದ ಪ್ರತಿನಿಧಿಯ ಕೈತಪ್ಪಿ ರಾಜ ಒಡೆಯರ ವಶವಾಗಿದ್ದಿತು. ಇಂತಹ ಏಳುಬೀಳುಗಳನ್ನು ವಿಧಿಯೆಂಬ ಒಂದೇ ಮಾತಿನಿಂದ ಮುಗಿಸುವ ರೂಢಿ ನಮ್ಮಲ್ಲುಂಟು. ಆ ಮಾತು ಸಾಲದೆಂಬುದನ್ನು ಹೀಬ್ರೂ ಪ್ರವಾದಿಗಳಿಂದ ಅರಿಯಬಹುದಾಗಿದೆ.

ಯೆಶಾಯನ ಗ್ರಂಥದಲ್ಲಿ ಭೂಪತಿಗಳು ಬೇರೂರುವ ಮೊದಲೇ ಒಣಗುವ ಸಸಿಗಳಿಗೆ ಸಮಾನರು. ಅದರ ಹತ್ತನೆಯ ಅಧ್ಯಾಯವು ಕಾರಣವನ್ನೂ ಕೊಡುತ್ತದೆ. ಅಶ್ಶೂರದ ಅರಸನು ದೇವರ ಕೈಯ ಕೋಲು ಮಾತ್ರ. ಅದನ್ನು ಮರೆತು ಗರ್ವಿಸಿದುದೇ ಅವನ ಅಪರಾಧ. ವಿಧವೆಯರನ್ನೂ ಅನಾಥರನ್ನೂ ಸುಲಿಯುವ ಕಟ್ಟಳೆಗಳನ್ನು ಬರೆದ ಸ್ವಜನರಿಗೂ ಅಲ್ಲಿಯೇ ಎಚ್ಚರಿಕೆಯುಂಟು. ಅಶ್ಶೂರದ ನಿನೆವೆ ಕ್ರಿ.ಪೂ. 612ರಲ್ಲಿಯೂ, ಜೆರೂಸಲೇಮನ್ನು ಸುಟ್ಟ ಬಾಬೆಲ್ ಕ್ರಿ.ಪೂ. 539ರಲ್ಲಿಯೂ ಪರಾಧೀನವಾದುವು. ಮಣ್ಣು ಬೆರೆತ ಪಾದಗಳ ಮೇಲೆ ನಿಂತ ಮಹಾಪ್ರತಿಮೆಯ ಕನಸನ್ನು ಹೇಳುವ ದಾನಿಯೇಲನ ಗ್ರಂಥವಾದರೋ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಈಗಿನ ರೂಪವನ್ನು ತಾಳಿತೆಂದು ಬಹುಮಂದಿ ವಿದ್ವಾಂಸರ ಮತ. ಆದಕಾರಣ ಭವಿಷ್ಯವು ಫಲಿಸಿತೇ ಎಂಬುದಕ್ಕಿಂತ, ಅಧಿಕಾರವನ್ನು ಯಾವ ಅಳತೆಗೋಲಿನಿಂದ ಅಳೆದರೆಂಬುದೇ ಚರಿತ್ರಕಾರನಿಗೆ ಮುಖ್ಯವಾದುದು.

ಕಾವೇರೀ ತೀರದ ಅಲಮೇಲಮ್ಮನ ಐತಿಹ್ಯವನ್ನು ಇದರೊಡನೆ ಹೋಲಿಸೋಣ. ಒಡವೆಗಳಿಗಾಗಿ ಬೆನ್ನಟ್ಟಿದಾಗ ಆಕೆ ತಲಕಾಡಿಗೆ ಮರಳನ್ನೂ ಮೈಸೂರು ಅರಸರಿಗೆ ಸಂತಾನಹೀನತೆಯನ್ನೂ ಶಪಿಸಿ ನದಿಗೆ ಹಾರಿದಳೆಂದು ಜನರು ಹೇಳುತ್ತಾರೆ. ತಲಕಾಡಿನ ಮರಳಿಗೆ ನದಿಯ ಪಾತ್ರವೂ ಗಾಳಿಯೂ ಕಾರಣಗಳೆಂದು ವಿವರಿಸಬಹುದು. ಆದರೆ ಗೆದ್ದ ಅರಸನೂ ನೊಂದ ಹೆಣ್ಣಿಗೆ ಉತ್ತರ ಹೇಳಬೇಕೆಂಬ ಜನರ ನ್ಯಾಯಪ್ರಜ್ಞೆಯನ್ನು ಮರಳಿನ ವಿವರಣೆಯು ಅಳಿಸಲಾರದು. ವ್ಯತ್ಯಾಸವಿಷ್ಟೇ: ಶಾಪವು ಒಂದು ಅನ್ಯಾಯಕ್ಕಾಗಿ ಒಂದು ವಂಶವನ್ನು ಹಿಡಿಯುತ್ತದೆ, ಪ್ರವಾದಿಯು ಶತ್ರುವನ್ನೂ ಸ್ವಜನರನ್ನೂ ಒಂದೇ ಕೋಲಿನಿಂದ ಅಳೆಯುತ್ತಾನೆ.

1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಅಲ್ಲಿ ಪ್ರವಾದಿಯೂ ಇರಲಿಲ್ಲ, ಶಾಪವೂ ಇರಲಿಲ್ಲ. ಜನರೇ ನಿಂತು ಕೇಳಿದರು. ಅವರು ಬೇಡಿದ್ದು ಜವಾಬ್ದಾರಿ ಸರ್ಕಾರ. ಮೈಸೂರು ಸಂಸ್ಥಾನದಲ್ಲಿ ಅದು 1947ರಲ್ಲಿ ಸ್ಥಾಪಿತವಾಯಿತು. ಆಳುವವನು ಉತ್ತರ ಹೇಳಬೇಕೆಂಬ ಹಳೆಯ ನಂಬಿಕೆಯೇ ಇಲ್ಲಿ ರಾಜ್ಯಪದ್ಧತಿಯಾಯಿತು. ಅಧಿಕಾರವು ಅನಿತ್ಯವೆಂದು ವಿದ್ಯಾರ್ಥಿಗೆ ಹೇಳಿದರೆ ಸಾಲದು. ಅದು ಯಾರಿಗೆ ಉತ್ತರಿಸಬೇಕಾಗಿದ್ದಿತು, ಉತ್ತರಿಸಿತೇ ಎಂದು ಕೇಳುವುದನ್ನೂ ನಾವು ಕಲಿಸಬೇಕು.