ಹಿನ್ನೀರಿನ ನಡುವೆ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಗೆ ಜನ ಬರುವುದು ‘ಮುಳುಗುವ ಚರ್ಚ್’ ನೋಡಲೆಂದು. ಹೇಮಾವತಿ ಜಲಾಶಯ ತುಂಬಿದಾಗ ಅರ್ಧ ಗೋಡೆ ನೀರೊಳಗಿರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಬಾಗಿಲವರೆಗೂ ನಡೆದೇ ಹೋಗಬಹುದು. ಫೋಟೊಗಳಿಂದ ಊರೂರಿಗೆ ಹೆಸರಾದ ಈ ಕಟ್ಟಡ ಒಂದು ಕಾಲಕ್ಕೆ ಹಳ್ಳಿಯೊಂದರ ಧರ್ಮಕೇಂದ್ರವಾಗಿತ್ತು.

ಹಾಸನ ಸೀಮೆಯ ಕಥೋಲಿಕರ ಚರಿತ್ರೆಯಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರದು ದೊಡ್ಡ ಹೆಸರು. ಜನರ ಬಾಯಲ್ಲಿ ಅವರು ‘ದೊಡ್ಡಸ್ವಾಮಿಯವರು’. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಗೆ ಬಂದ ಅವರು ಸಿಡುಬಿನ ಲಸಿಕೆ ಹಾಕಿಸಿದರು, ಹಾಸನದ ಆಸುಪಾಸಿನಲ್ಲಿ ಬೇಸಾಯಗಾರ ಕ್ರೈಸ್ತರನ್ನು ನೆಲೆ ನಿಲ್ಲಿಸಿದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದ ಮೇಲೂ ಫ್ರೆಂಚ್ ಮಿಷನರಿಗಳ ಕೆಲಸ ಮುಂದುವರಿಯಿತು. 1860ರ ದಶಕದಲ್ಲಿ ಶೆಟ್ಟಿಹಳ್ಳಿಯ ದೇವಾಲಯ ಎದ್ದು ನಿಂತದ್ದು ಆ ಮಿಷನರಿಗಳಿಂದಲೇ.

ಗೋಥಿಕ್ ಶೈಲಿಯ ಕಟ್ಟಡವಿದು. ಕಮಾನುಗಳು ಮೇಲೆ ಚೂಪಾಗಿ ಕೂಡುತ್ತವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಇಲ್ಲಿನವರು ಹೇಳುತ್ತಾರೆ. ಚಾವಣಿ ಎಂದೋ ಹೋಗಿದೆ. ಗಿಲಾವು ಉದುರಿದ ಕಡೆ ಒಳಗಿನ ಇಟ್ಟಿಗೆ ಕಾಣುತ್ತದೆ. ಹಳೆಯ ಕಂಬಗಳ ಮೇಲೆ ನೀರು ಏರಿ ಇಳಿದ ಗುರುತು ಪಟ್ಟೆಪಟ್ಟೆಯಾಗಿ ಉಳಿದಿದೆ.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. 37 ಟಿಎಂಸಿ ಅಡಿಗೂ ಹೆಚ್ಚು ನೀರು ಹಿಡಿಯುವ ಈ ಜಲಾಶಯ ಎಷ್ಟೋ ಗದ್ದೆ-ಹೊಲಗಳಿಗೆ ನೀರುಣಿಸಿದೆ. ಅದಕ್ಕಾಗಿ ಮನೆ, ಹೊಲ ಬಿಟ್ಟುಕೊಟ್ಟವರಲ್ಲಿ ಈ ದೇವಾಲಯದ ಭಕ್ತರೂ ಸೇರಿದ್ದಾರೆ. ಜನ ಬೇರೆಡೆ ನೆಲೆಸಿದರು. ಬಲಿಪೂಜೆಯೂ ಜಪಸರ ಪ್ರಾರ್ಥನೆಯೂ ಅವರೊಂದಿಗೆ ಹೊಸ ಊರುಗಳಿಗೆ ಹೋದವು. ದೇವಾಲಯವನ್ನು ಎತ್ತಿ ಒಯ್ಯುವಂತಿರಲಿಲ್ಲ.

ಅಂದಿನಿಂದ ವರ್ಷವರ್ಷವೂ ನೆನೆದು ಒಣಗುತ್ತಿರುವ ಗೋಡೆಗಳು ಸಡಿಲಗೊಂಡು, ಒಂದೊಂದೇ ಭಾಗ ಕುಸಿಯುತ್ತಿದೆ. ಹೀಗಿದ್ದೂ ಕೆಲವರು ಕಮಾನು ಹತ್ತುತ್ತಾರೆ, ಗಾರೆ ಕೆರೆದು ಹೆಸರು ಬರೆಯುತ್ತಾರೆ. ನಾಡಿಗಾಗಿ ನೆಲ ಬಿಟ್ಟುಕೊಟ್ಟ ಊರಿಗೆ ಉಳಿದಿರುವ ಕಣ್ಣೆದುರಿನ ಸಾಕ್ಷಿ ಈ ಗೋಡೆಗಳು. ನೀರು ಇಳಿದಿರುವ ತಿಂಗಳುಗಳಲ್ಲಿ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಸುಣ್ಣದ ಗಾರೆಯಿಂದಲೇ ಬಿರುಕು ಮುಚ್ಚಿಸುವ ಕೆಲಸ ಆಗಬೇಕು. ಇಲ್ಲಿ ಪ್ರಾರ್ಥಿಸಿದವರ, ಮದುವೆಯಾದವರ, ಜ್ಞಾನಸ್ನಾನ ಪಡೆದವರ ನೆನಪುಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು ಅದಕ್ಕಿಂತಲೂ ತುರ್ತು. ನೋಡಲು ಹೋಗುವವರು ಗೋಡೆಯಿಂದ ದೂರ ನಿಂತು ನೋಡಿದರೆ, ಅದೂ ಈ ದೇವಾಲಯಕ್ಕೆ ಸಲ್ಲಿಸುವ ಸೇವೆಯೇ.