ಅರಳುವ ಜೋಳ, ಅರಳದ ಜೋಳ

ಹೊಳೆನರಸೀಪುರದ ತೇರಿಗಾಗಲಿ ರಾಮನಾಥಪುರದ ಜಾತ್ರೆಗಾಗಲಿ ಹೋಗಿಬಂದವರು ಕಡ್ಲೆಪುರಿಯ ಪೊಟ್ಟಣ ತರುವುದು ಹಿಂದಿನಿಂದ ಬಂದ ರೂಢಿ. ಈಗ ಅದರೊಡನೆ ಪಾಪ್‌ಕಾರ್ನ್ ಎಂಬ ಜೋಳದ ಅರಳೂ ಸೇರಿಕೊಂಡಿದೆ. ಆಲೂಗೆಡ್ಡೆಗೆ ಹೆಸರಾದ ಹಾಸನದ ಸೀಮೆಯಲ್ಲಿ ಮುಸುಕಿನ ಜೋಳದ ಬೆಳೆಯೂ ಬಹಳವಾಗಿ ಹಬ್ಬಿದೆ. ಹಾಗಿರುವಾಗ ಅಂಗಡಿಯ ಕಾಳನ್ನು ಕೊಳ್ಳುವುದೇಕೆ, ಹೊಲದ ಜೋಳವನ್ನೇ ಹುರಿದರಾಗದೆ ಎಂದು ಯಾರಿಗಾದರೂ ತೋರಬಹುದು. ಹುರಿದು ನೋಡಿದರೆ ಕಾಳು ಕೆಂಪಾಗುತ್ತದೆ, ಒಂದೆರಡು ಸೀಳಿಕೊಳ್ಳುತ್ತವೆ; ಹೂವಿನಂತೆ ಅರಳುವುದಿಲ್ಲ. ಇದಕ್ಕೆ ಕಾರಣವೇನು?

ಮುಸುಕಿನ ಜೋಳವೆಲ್ಲ ಒಂದೇ ಜಾತಿಯ ಸಸ್ಯವಾದರೂ ಕಾಳಿನ ಗುಣದಲ್ಲಿ ಹಲವು ಬಗೆಗಳುಂಟು. ಒಣಗಿದಾಗ ನೆತ್ತಿಯಲ್ಲಿ ತಗ್ಗು ಬೀಳುವ ಕಾಳು ಒಂದು. ನುಣುಪಾದ ಗಟ್ಟಿ ಕಾಳು ಇನ್ನೊಂದು. ಮೆತ್ತಗಿನ ಹಿಟ್ಟಿನ ಕಾಳು ಮತ್ತೊಂದು. ಎಳೆಯದಾಗಿರುವಾಗಲೇ ಬೇಯಿಸಿ ತಿನ್ನುವ ಸಿಹಿಜೋಳ ಬೇರೊಂದು. ನಮ್ಮ ರೈತರು ಕೋಳಿಯ ಆಹಾರಕ್ಕೆಂದು ಮಾರುವ ಸಂಕರಣ ತಳಿಗಳು ಹೆಚ್ಚು ಇಳುವರಿಗಾಗಿ ಬೆಳೆಸಿದವು. ಅರಳುವ ಜೋಳವೇ ಬೇರೆ. ಅದರ ಕಾಳು ಸಣ್ಣದು, ಸಿಪ್ಪೆ ಬಹಳ ಬಿಗಿ, ಒಳಗಿನ ಪಿಷ್ಟದ ಬಹುಭಾಗ ಗಾಜಿನಂತೆ ಗಟ್ಟಿ.

ಕಾಳು ಅರಳುವ ಗುಟ್ಟು ಅದರೊಳಗಿನ ನೀರಿನಲ್ಲಿದೆ. ಚೆನ್ನಾಗಿ ಅರಳುವ ಕಾಳಿನಲ್ಲಿ ನೂರಕ್ಕೆ ಸುಮಾರು 14 ಪಾಲು ನೀರಿನ ಪಸೆ ಇರುತ್ತದೆ. ಬಾಣಲೆ ಕಾದಂತೆ ಈ ಪಸೆ ಹಬೆಯಾಗಲು ಹವಣಿಸುತ್ತದೆ. ಬಿಗಿಯಾದ ಸಿಪ್ಪೆ ಅದನ್ನು ಹೊರಗೆ ಬಿಡುವುದಿಲ್ಲ. ಒಳಗಿನ ಪಿಷ್ಟ ಬೆಂದು ಗಂಜಿಯಂತಾಗುತ್ತದೆ. ಉಷ್ಣತೆ ಸುಮಾರು 180 ಡಿಗ್ರಿ ಸೆಂಟಿಗ್ರೇಡ್ ಮುಟ್ಟುವ ವೇಳೆಗೆ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಎಂಟೊಂಬತ್ತರಷ್ಟಾಗಿ ಸಿಪ್ಪೆ ಸಿಡಿಯುತ್ತದೆ. ಗಂಜಿ ನೊರೆಯಂತೆ ಉಬ್ಬಿ, ಹೊರಗಿನ ಗಾಳಿ ತಗುಲಿದೊಡನೆ ಆರಿ ಗಟ್ಟಿಯಾಗುತ್ತದೆ. ಈ ಬಿಳಿಯ ನೊರೆಯೇ ಅರಳು. ಹೊಲದ ಜೋಳದ ಸಿಪ್ಪೆಗೆ ಇಷ್ಟು ಹಬೆಯನ್ನು ತಡೆಯುವ ಶಕ್ತಿ ಇಲ್ಲ.

ಅರಳುವ ಜೋಳದಲ್ಲಿಯೂ ಎರಡು ಪಂಗಡಗಳು: ಅಕ್ಕಿಯಂತೆ ತುದಿ ಚೂಪಾದದ್ದು, ಮುತ್ತಿನಂತೆ ದುಂಡಗಿನದು. ಬಣ್ಣದಲ್ಲಿ ಹಳದಿ, ಬಿಳಿ, ಕೆಂಪು, ನೀಲಿ ಎಲ್ಲವೂ ಉಂಟು. ಸಿಪ್ಪೆಯ ಬಣ್ಣ ಯಾವುದಾದರೂ ಅರಳು ಬೆಳ್ಳಗೋ ನಸುಹಳದಿಯಾಗಿಯೋ ಇರುತ್ತದೆ. ಅರಳಿನ ಆಕಾರವೂ ಎರಡು ತೆರ. ಚಿಟ್ಟೆಯ ರೆಕ್ಕೆಯಂತೆ ಹರಡಿದ್ದು ಬಾಯಿಗೆ ಹಗುರ. ಅಣಬೆಯಂತೆ ದುಂಡಗಾದದ್ದು ಸುಲಭವಾಗಿ ಮುರಿಯದು, ಆದುದರಿಂದ ಬೆಲ್ಲ ಸಕ್ಕರೆಯ ಪಾಕ ಹಚ್ಚಲು ಅದು ಮೇಲು. ಅಂಬರ್, ಪರ್ಲ್, ಆಲ್ಮೋರದ ಸಂಶೋಧನಾ ಸಂಸ್ಥೆಯ ವಿ.ಎಲ್. ಅಂಬರ್ ಮೊದಲಾದ ತಳಿಗಳು ನಮ್ಮ ದೇಶದಲ್ಲಿಯೇ ಸಿದ್ಧವಾದವು.

ಮುಸುಕಿನ ಜೋಳದ ತವರು ಮೆಕ್ಸಿಕೋ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಇದನ್ನು ಪಡೆದರು. ಪೆರು ದೇಶದ ಕಡಲತೀರದಲ್ಲಿ ಸುಮಾರು 6700 ವರ್ಷ ಹಳೆಯ ತೆನೆಗಳ ಅವಶೇಷಗಳು ದೊರೆತಿವೆ. ಅವುಗಳಲ್ಲಿ ಅರಳುವ ಜೋಳವೂ ಸೇರಿದೆ. ಪೋರ್ಚುಗೀಸರು ಬಂದ ಮೇಲೆ ಈ ಬೆಳೆ ಭಾರತಕ್ಕೆ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ.

ಈ ಮಾತಿಗೆ ಹೊಯ್ಸಳರ ಗುಡಿಯೊಂದು ಅಡ್ಡಬಂದ ಪ್ರಸಂಗವೂ ಸ್ವಾರಸ್ಯವಾದುದು. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ದೇವಾಲಯದ ಮೂರ್ತಿಗಳ ಕೈಯಲ್ಲಿರುವುದು ಜೋಳದ ತೆನೆಯೇ ಎಂದು ಜೊಹಾನೆಸನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು 1989ರಲ್ಲಿ ವಾದಿಸಿದರು. ಕೊಲಂಬಸನಿಗೆ ಮೊದಲೇ ಜೋಳ ಇಲ್ಲಿಗೆ ಬಂದಿತ್ತೆಂಬುದು ಅವರ ತಾತ್ಪರ್ಯ. ಅದು ತೆನೆಯಲ್ಲ, ಮುತ್ತುಗಳನ್ನು ಪೋಣಿಸಿದಂತೆ ಕಲ್ಪಿಸಿದ ಮುಕ್ತಾಫಲ ಎಂದು ಪಾಯಕ್ ಮತ್ತು ಸಚನ್ 1993ರಲ್ಲಿ ಉತ್ತರ ಕೊಟ್ಟರು. ಹೆಚ್ಚಿನ ವಿದ್ವಾಂಸರು ತೆನೆಯ ವಾದವನ್ನು ಒಪ್ಪಿಲ್ಲ. ಬೇಲೂರು ಹಳೇಬೀಡುಗಳನ್ನು ನೋಡಿ ಬೆಳೆದ ನಮ್ಮವರು ಮೂರ್ತಿಗಳ ಕೈಯನ್ನು ಇನ್ನೊಮ್ಮೆ ಗಮನಿಸಿ ನೋಡಬಹುದು.

ಜೋಳ ಹೊರಗಿನಿಂದ ಬಂದದ್ದಾದರೂ ಕಾಳನ್ನು ಅರಳಿಸುವ ವಿದ್ಯೆ ನಮಗೆ ಹೊಸದಲ್ಲ. ಭತ್ತವನ್ನು ಹೊಟ್ಟಿನೊಡನೆ ಹುರಿದರೆ ಅರಳು. ಕುಸುಬಲಕ್ಕಿಯನ್ನು ಕಾದ ಮರಳಿನಲ್ಲಿ ಉಬ್ಬಿಸಿದರೆ ಪುರಿ. ಎಲ್ಲಕ್ಕಿಂತ ನಮ್ಮದೆನ್ನಬೇಕಾದದ್ದು ರಾಗಿಯ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಕೆಲವು ಗಂಟೆ ಬಿಟ್ಟು, ಚೆನ್ನಾಗಿ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿ ಅರಳಿಸಿ, ಕೇರಿ, ಬೀಸುತ್ತಾರೆ. ಮುಚ್ಚಿಟ್ಟ ಹೊತ್ತಿನಲ್ಲಿ ಪಸೆ ಕಾಳಿನ ಒಳಕ್ಕೆಲ್ಲ ಸಮನಾಗಿ ಹರಡುತ್ತದೆ. ಒಣಗಿದ ರಾಗಿ ಸೀಯುತ್ತದೆಯೇ ಹೊರತು ಅರಳುವುದಿಲ್ಲ ಎಂಬುದನ್ನು ನಮ್ಮ ಅಜ್ಜಿಯರು ಕೈಯ ಅಂದಾಜಿನಲ್ಲಿಯೇ ಬಲ್ಲರು.

ಇದೇ ತಿಳಿವಳಿಕೆ ಜೋಳದ ಅರಳಿಗೂ ಉಪಯೋಗಕ್ಕೆ ಬರುತ್ತದೆ. ಕಾಳನ್ನು ಬಾಯಿ ಬಿಗಿಯಾದ ಡಬ್ಬಿಯಲ್ಲಿಡಬೇಕು. ಒಣಗಿ ಸರಿಯಾಗಿ ಅರಳದಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಡಬ್ಬಿಯನ್ನು ಆಗಾಗ ಅಲುಗಿಸುತ್ತ ಎರಡು ಮೂರು ದಿನ ಬಿಟ್ಟು ಹುರಿಯಬೇಕು. ನಾಲ್ಕು ವರ್ಷ ತುಂಬದ ಮಕ್ಕಳಿಗೆ ಮಾತ್ರ ಜೋಳದ ಅರಳನ್ನು ಕೊಡಲೇಬಾರದು. ಅದರ ಚೂರಾಗಲಿ ಅರಳದ ಕಾಳಾಗಲಿ ಶ್ವಾಸನಾಳಕ್ಕೆ ಸಿಕ್ಕಿ ಪ್ರಾಣಕ್ಕೆ ಅಪಾಯವಾಗಬಹುದು. ಅಂಥ ಎಳೆಯರಿಗೂ ಹಲ್ಲಿಲ್ಲದ ಹಿರಿಯರಿಗೂ ಹಾಲು ಬೆಲ್ಲದಲ್ಲಿ ನುಣ್ಣಗೆ ಕಲಸಿದ ಹುರಿಹಿಟ್ಟು ಇದ್ದೇ ಇದೆ. ಅದನ್ನು ಮಾಡಬಲ್ಲವರು ಮನೆಯಲ್ಲಿರುವಾಗಲೇ ಪಸೆಯ ಹದವನ್ನು, ಬಾಣಲೆಯ ಕಾವನ್ನು ಕಿರಿಯರು ಪಕ್ಕದಲ್ಲಿ ನಿಂತು ಕಲಿತುಕೊಳ್ಳುವುದು ಲೇಸು.